ನನ್ನ ಹದಿನೇಳನೆಯ ನಡೆ

ಸಂಗಯ್ಯ ಸ್ವಾಮೇರೇ, ಉದಗೀರದಲ್ಲಿ ನಾನು ನಿಮ್ಮನ್ನು ಗೆದ್ದಿಲ್ಲ. ಆ ಆಟದ ನನ್ನ ಹದಿನೇಳನೆಯ ನಡೆ ತಪ್ಪಾಗಿತ್ತು. ಆ ನಡೆ ಇಡುವಾಗ ಗೊತ್ತಿರಲಿಲ್ಲ, ಆದರೆ ಆಟ ಮುಗಿಯುವ ಬಹಳ ಮೊದಲೇ ಗೊತ್ತಾಯಿತು — ನಾನು ಹೇಳಲಿಲ್ಲ. ಮೂರು ವರ್ಷವಾಯಿತು.

ಚದುರಂಗವನ್ನು ನಾನು ಮೊದಲು ಹಿಡಿದದ್ದು ಡಿಗ್ರಿ ಮುಗಿಸಿ ಉಮರ್ಗಾದಲ್ಲಿ ಸುಮ್ಮನೆ ಕೂತಿದ್ದಾಗ, ಮೊಬೈಲಿನಲ್ಲಿ. ಕಲಿಸಿದವರಿಲ್ಲ, ವಿಡಿಯೊ ನೋಡಿ ಕಲಿತೆ. ಮೊಬೈಲಿನಲ್ಲಿ ತಪ್ಪು ನಡೆ ಇಟ್ಟರೆ ಕಾಯಿ ತಾನೇ ಹಿಂದಕ್ಕೆ ಹೋಗುತ್ತದೆ. ನಿಜವಾದ ಹಲಗೆ, ಗಡಿಯಾರ, ನಡೆ ಬರೆಯುವ ಹಾಳೆ, ಎದುರಿಗೆ ಕೂತ ಮನುಷ್ಯ — ಇದೆಲ್ಲ ನನಗೆ ಹೊಸದು.

ಉದಗೀರದ ಸ್ಪರ್ಧೆಯಲ್ಲಿ, ಗೆದ್ದವರು ಲಾತೂರಿನ ದೊಡ್ಡ ಸ್ಪರ್ಧೆಗೆ ಹೋಗುವ ಕೊನೆಯ ಸುತ್ತಿನಲ್ಲಿ ನೀವು ಸಿಕ್ಕಿರಿ. ನಿಮ್ಮೂರು ಯೆಣೆಗೂರಿನಲ್ಲಿ ಯಾರದೋ ಮನೆಯ ಪೂಜೆ ಮುಗಿಸಿ ಹಣೆಯ ವಿಭೂತಿಯಲ್ಲೇ ಬಸ್ಸು ಹತ್ತಿದ್ದಿರಿ.

"ಮೂವತ್ತು ವರ್ಷ ಆತು ಆಡ್ಲಾಕತ್ತು, ಲಾತೂರ ತನಾ ಮುಟ್ಟಿಲ್ಲ. ಇವತ್ತು ನೀ ಬಿಡ್ತೀಯೋ ಇಲ್ಲೋ!"

ನಾನು ಗಡಿಯಾರ ಒತ್ತುವುದನ್ನು ಮರೆಯುತ್ತಿದ್ದೆ. ಮರೆತರೆ ಓಡುವುದು ನನ್ನ ಸಮಯ, ಲಾಭ ನಿಮಗೆ. ಆದರೂ ಮೂರು ಸಲ ನೆನಪಿಸಿದಿರಿ: "ಏ ತಮ್ಮಾ, ಘಡ್ಯಾಳ ಒತ್ತೋ! ಗಂಟಿ ಬಾರ್ಸೂದು ನನ್ನ ಕೆಲಸ, ಇದು ನಿಂದು."

ಓರೆಯಾಗಿದ್ದ ಕುದುರೆಯನ್ನು ನೆಟ್ಟಗಿಡಲು ಹೋದಾಗಲೂ ಅಷ್ಟೆ: "ಮುಟ್ಟಿದ್ರ ಅದನ್ನೇ ಆಡಬೇಕಾಗ್ತದ. ಮೊದ್ಲ 'ಸರಿ ಮಾಡ್ತೀನಿ' ಅನ್ನು, ಆಮ್ಯಾಲ ಕೈ ಹಚ್ಚು."

ಒಂಬತ್ತನೆಯ ನಡೆಯಲ್ಲಿ ನೀವು ಶಹ ಕೊಟ್ಟು ನನ್ನ ರಾಜನಿಗೆ ಗುರಿಯಿಟ್ಟಿರಿ, ಅವನು ಒಂದು ಮನೆ ಪಕ್ಕಕ್ಕೆ ಸರಿದ. ಹನ್ನೆರಡಕ್ಕೆ ಮರಳಿ ಬಂದ. ಹದಿನೇಳಕ್ಕೆ ನಾನು ಕ್ಯಾಸಲಿಂಗ್ ಮಾಡಿದೆ — ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಅವನ ಆಚೆ ಬದಿಗೆ ತಂದಿಟ್ಟೆ. ಒಮ್ಮೆ ಕದಲಿದ ರಾಜನಿಗೆ ಆ ಹಕ್ಕಿಲ್ಲ. ಮೊಬೈಲ್ ಬಿಡುತ್ತಿರಲಿಲ್ಲ. ಹಲಗೆ ಬಿಟ್ಟಿತು, ನಿಮಗೂ ಹೊಳೆಯಲಿಲ್ಲ.

ಹಾಳೆಯಲ್ಲಿ ಬರೆಯುವಾಗ, ರಾಜ ಸರಿದದ್ದನ್ನು ಬರೆದಿದ್ದ ಮೇಲಿನ ಸಾಲುಗಳು ಕಂಡವು. ಆಗ ಹೇಳಬಹುದಿತ್ತು, ಒಂದು ಮಾತು — ನಾನು ಹಾಳೆಯ ಮೇಲೆ ಮೊಣಕೈ ಇಟ್ಟೆ.

ಕೊನೆಗೆ ಸೋಲೊಪ್ಪಿ ನೀವೇ ಕೈ ಚಾಚಿದಿರಿ. "ಛಲೋ ಆಡ್ದಿ. ಲಾತೂರಕ್ಕ ಹೋಗಿ ಬಾ."

ಹೋಗಿ ಬಂದೆ.

ಹೋದ ವಾರ ನಿಲಂಗಾ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದು ಕರೆದಿರಿ. ಆಟ ಬಿಟ್ಟೆ ಅಂದಿರಿ. ಯಾಕೆಂದು ಕೇಳಿದೆ.

"ನಮ್ಮ ಓಣಿ ಹುಡುಗೂರಿಗೆ ಆಟ ಹೇಳಿಕೊಡ್ತಿದ್ನಲ್ಲ, ನಿನ್ನ ಆಟ ತೋರಸ್ಲಾಕ ಹಾಳಿ ತಗದೆ. ರಾಜಾ ಸರದಾನ ಅಂತ ಬರ್ದೀನಿ, ಮುಂದ ನೀ ಕ್ಯಾಸಲಿಂಗ್ ಮಾಡೀದಿ! ಹೆಂಗ ಆಗ್ತದ? ಹುಡುಗೂರು ನಕ್ಕವು. ನಂದೇ ಚೂಕ ಆಗ್ಯದ, ತಪ್ಪ ಬರ್ದೀನಿ. ಕಂಡಿದ್ದು ಬರಿಲಾಕ ಬರ್ಲಾರದಂವಾ ಏನ್ ಆಡ್ತಾನ, ಏನ್ ಕಲಸ್ತಾನ?"

ನಾನು ಅಂದದ್ದು ಇಷ್ಟು: "ವಯಸ್ಸಿಗೆ ಆಗ್ತದರೀ, ಸ್ವಾಮೇರ."

ಮೊದಲನೆಯ ಸಲ ಸುಮ್ಮನಿದ್ದೆ. ಈ ಸಲ ಬಾಯಿಬಿಟ್ಟೇ ಸುಳ್ಳು ಹೇಳಿದೆ. ಹೆದರಿಕೆ, ಹೊಸತನ, ಅವಸರ — ಯಾವುದೂ ಇರಲಿಲ್ಲ. ಬಸ್ಸು ಕೂಡ ಇನ್ನೂ ಬಂದಿರಲಿಲ್ಲ.

ಸ್ವಾಮೇರೇ, ನೀವು ಬರೆದದ್ದರಲ್ಲಿ ಒಂದು ಸಾಲೂ ತಪ್ಪಿಲ್ಲ. ನನ್ನ ಹಾಳೆಯಲ್ಲೂ ಅದೇ ಇದೆ. ಅದನ್ನು ತೆಗೆದುಕೊಂಡು ಈ ಐತವಾರ ಯೆಣೆಗೂರಿಗೆ ಬರುತ್ತೇನೆ. ನಕ್ಕ ಹುಡುಗರನ್ನೆಲ್ಲ ಕರೆಸಿರಿ — ಅವರ ಮುಂದೆಯೇ ಹೇಳುತ್ತೇನೆ.