ಬಟ್ಟೆ ತೆಗೀರವ್ವ

ಚಳ್ಳಕೆರೆಯಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ಕಬ್ಬಿಣದ ಎರಕದ ಕಾರ್ಖಾನೆ. ಅಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದಾತ ಪ್ರತಿ ಸಲವೂ ಮೊದಲು ಕಾಂಪೌಂಡಿನ ಬಳಿ ಬಂದು ಕೂಗುತ್ತಿದ್ದ: “ಬಟ್ಟೆ ತೆಗೀರವ್ವ, ಮಸಿ ಬರ್ತೈತೆ.” ಓಣಿಯ ಹೆಂಗಸರು ತಂತಿಯ ಮೇಲಿನದನ್ನೆಲ್ಲ ಬಾಚಿ ಒಳಗೆ ತರುತ್ತಿದ್ದರು. ಮಾಲೀಕರಿಗೆ ಎಷ್ಟು ಸಲ ದೂರು ಕೊಟ್ಟರೂ ಹೊಗೆ ನಿಂತಿರಲಿಲ್ಲ.

ಹೋದ ವರ್ಷ ಇದ್ದಕ್ಕಿದ್ದಂತೆ ಕರೆಂಟಿನ ಕುಲುಮೆ ಬಂತು. ಯಾಕೆಂದು ಆತ ನನ್ನನ್ನು ಕೇಳಿದ. ನಮ್ಮ ಕಬ್ಬಿಣ ಕೊಳ್ಳುವ ಯುರೋಪಿನ ದೇಶಗಳು ಈಗ ಅದನ್ನು ಮಾಡುವಾಗ ಎದ್ದ ಹೊಗೆಗೂ ತೆರಿಗೆ ಹಾಕುತ್ತವೆ, ಹೊಗೆ ಕಡಿಮೆಯಾದರೆ ತೆರಿಗೆಯೂ ಕಡಿಮೆ ಎಂದೆ.

ಆತ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಚಿಮಣಿಯನ್ನೇ ನೋಡಿದ.

“ನಮ್ಮ ಹೊಗೆ ಅಲ್ಲೀತನಕ ಹೋಗ್ತಿತ್ತೇನ್ರಿ?”

“ಗಾಳಿ ಎಲ್ಲರಿಗೂ ಒಂದೇ ಅಲ್ವಾ.”

“ಪಾಪ, ಬಟ್ಟೆ ತೆಗೀರಿ ಅಂತ ಅಲ್ಲಿ ಕೂಗೋರು ಯಾರೂ ಇರ್ಲಿಲ್ಲ.”

ಮರುದಿನ ಕುಲುಮೆ ಶುರುವಾಗುವ ಹೊತ್ತಿಗೆ ಆತ ಕಾಂಪೌಂಡಿನ ಬಳಿ ಬಂದ. ಕೂಗಲಿಲ್ಲ. ಒಗೆದ ತನ್ನ ಬಿಳಿ ಅಂಗಿಯನ್ನು ನಮ್ಮ ತಂತಿಗೆ ಹಾಕಿ, ಮಸಿ ಬೀಳುತ್ತದೋ ಇಲ್ಲವೋ ಎಂದು ಎದುರಿಗೇ ಕೂತ. ಸಂಜೆಯವರೆಗೂ ಏಳಲಿಲ್ಲ. ಹಾಕಲು ಕಲ್ಲಿದ್ದಲಿರಲಿಲ್ಲ, ಒಳಗಿನಿಂದ ಯಾರೂ ಆತನನ್ನು ಕರೆಯಲೂ ಇಲ್ಲ.