ಮುಖ ನನಗೆ, ಹಣ್ಣು ಜೈನಬಿಗೆ

ಡಬ್ಬಿಗೆ ಅಂಟಿಸಿದ ಚಿತ್ರದ ಕಾಗದವನ್ನು ಕೀಳಲು ಹೋಗಬಾರದು, ಹರಿಯುತ್ತದೆ. ಸುತ್ತಲೂ ಮೆತ್ತಿದ ಹಾಗೆ ಕಂಡರೂ ಅದಕ್ಕೆ ಅಂಟು ಇರುವುದು ಒಂದೇ ಅಂಚಿನಲ್ಲಿ. ಅನ್ನ ಕುದಿಯುವಾಗ ಆ ಅಂಚನ್ನು ಹಬೆಗೆ ಹಿಡಿದು, ನೂರು ಎಣಿಸುವಷ್ಟು ಹೊತ್ತು ತೆಪ್ಪಗಿದ್ದರೆ ತಾನಾಗಿಯೇ ಬಾಯಿ ಬಿಡುತ್ತದೆ. ಈ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಾನು ಹರಿದು ಹಾಳುಮಾಡಿದ ಕಾಗದಗಳೇ ಹೇಳಿಕೊಟ್ಟವು. ನಾನು ಓದಿದ್ದು ಮೂರನೇ ಕ್ಲಾಸು. ಮೂರನೇ ಕ್ಲಾಸಿನವಳು ಬರೆಯಲು ಕೂತರೆ ಹೀಗೆ ಡಬ್ಬಿಯಿಂದಲೇ ಶುರುವಾಗುತ್ತದೆ, ಸಹಿಸಿಕೊಳ್ಳಿ.

ನಯಾ ಪೈಸೆ ಬಂದು ಅಂಗಡಿಯವರೆಲ್ಲ ತಬ್ಬಿಬ್ಬಾಗಿದ್ದ ಕಾಲ ಅದು. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಮನೆ. ಗೋಡೆಗೆ ಸುಣ್ಣ, ಒರಗಿದರೆ ಬೆನ್ನೆಲ್ಲ ಬಿಳಿ. ನಮ್ಮನೆಯವರು ಹೊಸ ಶರ್ಟಿನಲ್ಲಿ ಒರಗಿ, ಹಾಗೇ ಕಾರ್ಖಾನೆಗೆ ಹೋಗಿ, ನಗೆಪಾಟಲಾಗಿ ಬಂದ ಮೇಲೆ ನಾನು ಗೋಡೆಗೆ ಕಾಗದ ಮೆತ್ತತೊಡಗಿದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿದರೆ ಜಿರಲೆ ಹತ್ತಿರ ಸುಳಿಯುವುದಿಲ್ಲ. ಇದನ್ನು ಕಲೆ, ಅಲಂಕಾರ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ನಾನು ಮಾಡಿದ್ದು ಶರ್ಟಿನ ರಕ್ಷಣೆ. ಆದರೆ ಅಂಟಿಸುತ್ತ ಅಂಟಿಸುತ್ತ ಆಸೆ ಹತ್ತಿತು, ಅದೂ ಸುಳ್ಳಲ್ಲ.

ಕಾಗದ ಸಿಗುತ್ತಿದ್ದುದು ಪಕ್ಕದ ಸಾಲಿನ ಜೈನಬಿಯಿಂದ. ಅವಳ ಗಂಡ ಲಾರಿ ಡ್ರೈವರು. ಶಿವಮೊಗ್ಗದ ಅಂಗಡಿಗಳಿಗೆ ಸಾಮಾನು ಇಳಿಸಿ ಬರುವಾಗ ಸೇಬಿನ ಪೆಟ್ಟಿಗೆಯ ಚೀಟಿ, ಖಾಲಿ ಡಬ್ಬಿ ತಂದು ಹಾಕುತ್ತಿದ್ದ. ಮಧ್ಯಾಹ್ನ ನಾವಿಬ್ಬರೂ ಕೂತು ಪಾಲು ಮಾಡುತ್ತಿದ್ದೆವು.

"ನಮ್ಮನೆ ಗೋಡೆ ಮೇಲೆ ಮುಖ ಇಡಂಗಿಲ್ಲ ಮಾರಾಯ್ತಿ. ನಮ್ಮತ್ತೆ ನಮಾಜ್ ಮಾಡೋ ಜಾಗ. ಮುಖ ಎಲ್ಲಾ ನೀನಿಟ್ಕೋ, ಹಣ್ಣು ನಂಗೆ ಕೊಡು" ಎಂದಿದ್ದಳು ಮೊದಲ ದಿನವೇ.

ಹಾಗಾಗಿ ಸೇಬು, ಕಿತ್ತಳೆ, ಅನಾನಸು ಎಲ್ಲ ಅವಳ ಗೋಡೆಗೆ. ರಾಜ, ರಾಣಿ, ಕೊಡ ಹೊತ್ತ ಹಾಲಿನವಳು ನನ್ನ ಗೋಡೆಗೆ.

"ನಿನ್ನ ಗೋಡೇಲಿ ತಿನ್ನಕ್ಕೆ ಗತಿ ಇಲ್ದಿರೋ ಜನ, ನನ್ನ ಗೋಡೇಲಿ ತಿನ್ನೋರಿಲ್ದಿರೋ ಹಣ್ಣು" ಎಂದು ನಗುತ್ತಿದ್ದಳು.

ಹಾಲಿನ ಪುಡಿ ಡಬ್ಬಿಯ ಮಗು ನನ್ನ ಪಾಲಿಗೆ ಬಂದದ್ದೂ ಹಾಗೆಯೇ. ಕೆಂಪು ಕೆನ್ನೆ, ಹೊಂಬಣ್ಣದ ಗುಂಗುರು ಕೂದಲು. ನನ್ನ ಮಗಳು ಗಿರಿಜೆಗೆ ಆಗ ಒಂಬತ್ತು ತಿಂಗಳು. ಅವಳ ಮಟ್ಟಕ್ಕೇ ಅಂಟಿಸಿದೆ. ಅಂಬೆಗಾಲಿಕ್ಕಿ ಹೋಗಿ ಅದರ ಮೂಗು ಚಿವುಟಲು ನೋಡುತ್ತಿದ್ದಳು.

ಮಗುವನ್ನು ಶಿವಮೊಗ್ಗಕ್ಕೆ ಕರೆದೊಯ್ದು ಸ್ಟುಡಿಯೋದಲ್ಲಿ ಫೋಟೋ ತೆಗೆಸೋಣ ಎಂದು ನಮ್ಮನೆಯವರು ಹೊರಟರು. ಅಲ್ಲಿನ ಹೊಸಮನೆ ಬಡಾವಣೆಯಲ್ಲಿದ್ದ ನನ್ನ ಅಣ್ಣನ ಮನೆಗೆ ಹೇಗೂ ಹೋಗುವುದಿತ್ತು. ನಾನೇ ಬೇಡವೆಂದೆ. ಫೋಟೋ ತೆಗೆಸಿದರೆ ಎಳೆಮಕ್ಕಳ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಮಾತಿತ್ತು. ಅತ್ತೆ ಹೇಳಿದ್ದರು ಎಂದು ಬರೆದು ಬಿಡಬಹುದು, ಸತ್ತವರು ಬಂದು ಇಲ್ಲ ಅನ್ನುವುದಿಲ್ಲ. ಆದರೆ ಹೇಳಿದವಳು ನಾನು.

"ವರ್ಷ ತುಂಬ್ಲಿ, ಆಮೇಲೆ ಎಷ್ಟು ಬೇಕಾದ್ರೂ ತೆಗೆಸ್ಕೊಳ್ಳಿ."

ವರ್ಷ ತುಂಬಲು ಹದಿನೇಳು ದಿನ ಇರುವಾಗ ಜ್ವರ ಬಂತು. ಮೂರು ದಿನ. ಅಷ್ಟೇ.

ಒಂದು ತಿಂಗಳಾಗಿರಬೇಕು, ನಮ್ಮನೆಯವರು ಆ ಡಬ್ಬಿಯ ಮಗುವನ್ನು ಒದ್ದೆ ಬಟ್ಟೆ ಒತ್ತಿ ಒತ್ತಿ ಗೋಡೆಯಿಂದ ಬಿಡಿಸಿ, ಶಿವಮೊಗ್ಗದಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವವನ ಹತ್ತಿರ ಒಯ್ದು, ಗಾಜು ಹಾಕಿಸಿಕೊಂಡು ಬಂದರು.

"ಯಾರ ಮಗು ಅಂತ ಕೇಳ್ಲಿಲ್ವಾ ಅವನು?" ಎಂದೆ.

"ಕೇಳ್ದ. ನಂದು ಅಂದೆ."

"ನಿಮಗೇನು ತಲೆ ಕೆಟ್ಟಿದ್ಯಾ? ಕೂದಲು ನೋಡ್ರೀ, ಮುಸುಕಿನ ಜೋಳದ ಜುಂಗಿನ ಹಾಗಿದೆ. ಯಾವ ದೇಶದ ಮಗುವೋ ಏನೋ!"

"ನಂಗೂ ಕಣ್ಣಿದೆ ಕಣೆ. ಬೇರೆ ಮುಖ ಎಲ್ಲಿಟ್ಟಿದೀಯ? ತಂದ್ಕೊಡು, ಅದನ್ನೇ ಹಾಕಿಸ್ತೀನಿ."

ಅವರು ಒಂದು ಮೊಳೆ ಹೊಡೆದು ತೂಗುಹಾಕಿದರು.

ನೀವು ನಂಬಿ, ಬಿಡಿ, ದಿನಾ ಕಾಣುವ ಮುಖ ಕಾಣದ ಮುಖವನ್ನು ಒರೆಸಿಹಾಕುತ್ತದೆ. ಏಳೆಂಟು ತಿಂಗಳಾದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತ ಗಿರಿಜೆಯನ್ನು ನೆನೆಸಿಕೊಂಡರೆ, ಬಂದವಳಿಗೆ ಗುಂಗುರು ಕೂದಲಿತ್ತು. ನನ್ನ ಮಗಳದ್ದು ಎಣ್ಣೆ ಹಚ್ಚಿದರೆ ನೆತ್ತಿಗೆ ಅಂಟಿಕೊಳ್ಳುವ ನೀಟ ಕೂದಲು. ಅದು ಗೊತ್ತು, ಕಾಣುವುದಿಲ್ಲ. ಮೊರವನ್ನು ಕೆಳಗಿಟ್ಟೆ.

ಅವಳು ಹೋಗಿ ವರ್ಷ ತುಂಬಿದ ದಿನ ನಮ್ಮನೆಯವರು ಮಲ್ಲಿಗೆ ಹಾರ ತಂದರು. ಪಟಕ್ಕೆ ಹಾಕಲು ಕೈ ಎತ್ತಿದಾಗ ನಾನು ಅಡ್ಡ ಹೋದೆ.

"ಹಾಕ್ಬೇಡಿ ರೀ. ಅದು ಎಲ್ಲೋ ಬದುಕಿದೆ. ಬದುಕಿರೋ ಮಗೂಗೆ ಯಾರಾದ್ರೂ ಹಾರ ಹಾಕ್ತಾರಾ? ಅದಕ್ಕೂ ಹೆತ್ತೋಳಿದಾಳೆ."

ಫೋಟೋ ಬೇಡವೆಂದ ಬಾಯೇ ಇದನ್ನೂ ಹೇಳಿತು. ನಾನು ಪಟವನ್ನು ಇಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಜೈನಬಿಯ ಮುಂದೆ ಇಟ್ಟೆ. ಅವಳು ಪ್ರಶ್ನೆ ಕೇಳುವ ಹೆಂಗಸಲ್ಲ.

"ತಾ ಇಲ್ಲಿ. ಈ ಒಂದು ಮುಖ ನನ್ನ ಟ್ರಂಕಲ್ಲಿರ್ಲಿ" ಎಂದು, ಬಟ್ಟೆಗಳ ಅಡಿಗೆ ಕವುಚಿ ಇಟ್ಟಳು.

ತಿರುಗಿ ಬಂದರೆ ಇವರು ಹಾರ ಹಿಡಿದುಕೊಂಡು ಹಾಗೇ ನಿಂತಿದ್ದರು.

"ಇದನ್ನೆಲ್ಲಿ ಹಾಕ್ಲಿ?"

ಕೊನೆಗೆ ಅವರು ಆ ಬರಿಯ ಮೊಳೆಗೇ ಹಾರ ಹಾಕಿದರು. ಅದು ಸುಣ್ಣದ ಗೋಡೆಯ ಮೇಲೆ ಇಳಿಬಿದ್ದು, ನಡುವೆ ಒಂದು ಮುಖ ಹಿಡಿಸುವಷ್ಟು ಜಾಗ ಬಿಟ್ಟುಕೊಂಡು ನಿಂತಿತು. ಈಗಲಾದರೂ ನಮ್ಮ ಹುಡುಗಿ ಬರುತ್ತಾಳೇನೋ ಎಂದು ಆ ಜಾಗವನ್ನೇ ನೋಡುತ್ತ ಇಬ್ಬರೂ ಕೆಳಗೆ ಕೂತೆವು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂತು. ಅವಳು ಬರಲಿಲ್ಲ.