ಜಕಾರದ ಖಾನೆ

ತರತೀಬು ಎಂಬ ಮಾತು ನನ್ನ ತಲೆಗೇರಿದ್ದು ಔರಾದದ ಕಚೇರಿಯಲ್ಲಿ. ಬೀದರಿನಲ್ಲಿ ನಾಲ್ಕಕ್ಷರ ಉರ್ದು ಕಲಿತು, ಅಲ್ಲಿ ನಕಲು ಬರೆಯುವ ಗುಮಾಸ್ತನಾಗಿ ಸೇರಿದ್ದೆ. ಕಾಗದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಕೆಂಪು ಬಟ್ಟೆಯಲ್ಲಿ ಕಟ್ಟಿ, ಗೂಡಿಗೊಂದು ಅಕ್ಷರದ ಚೀಟಿ ಅಂಟಿಸುವುದಕ್ಕೆ ಅಲ್ಲಿ ತರತೀಬು ಎನ್ನುತ್ತಿದ್ದರು. ಒಮ್ಮೆ ಚಿಂತಾಕಿಯ ರೈತನೊಬ್ಬ ಊರ ಹೆಸರು ಹೇಳಿ ಮುಗಿಸುವುದರೊಳಗೆ ಅವನ ಕಾಗದ ತೆಗೆದು ಮುಂದಿಟ್ಟೆ. "ಭಲೇ ಸಾಹೇಬ್ರ!" ಎಂದುಬಿಟ್ಟ. ಸಾಹೇಬ್ರ! ಮೀಸೆ ಸರಿಯಾಗಿ ಚಿಗುರದ ನಕಲು ಗುಮಾಸ್ತನಿಗೆ ಅಷ್ಟು ಸಾಕಾಯಿತು. ಅಂದಿನಿಂದ ನನ್ನ ತಲೆಯ ರುಮಾಲು ಎರಡು ಬೆರಳು ಎತ್ತರವಾಯಿತು.

ಆಮೇಲೆ ಕಂಡದ್ದಕ್ಕೆಲ್ಲ ಅದೇ ಮಾತು. ಬುಟ್ಟಿಯಲ್ಲಿ ರೊಟ್ಟಿ ಓರೆಯಾಗಿ ಕೂತಿದ್ದರೆ ತರತೀಬಿಲ್ಲ. ಹೆಂಡತಿ ಊರ ಸುದ್ದಿಯನ್ನು ನಡುವಿನಿಂದ ಶುರು ಮಾಡಿದರೆ ತರತೀಬಿಲ್ಲ. ಲಿಂಗಪೂಜೆಗೆ ಕೂತಾಗ ವಿಭೂತಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಅದಕ್ಕೂ ಒಂದು ತಕರಾರು. "ನಿಮ್ಮ ಬಾಯಿಗಿ ಒಂದು ತರತೀಬ ಇದ್ದಿದ್ರ ಛಲೋ ಇತ್ತರಿ" ಎಂದು ಹೆಂಡತಿ ಅಂದದ್ದನ್ನು ನಾನು ಹೊಗಳಿಕೆ ಎಂದೇ ತಿಳಿದೆ. ಅಷ್ಟು ಜಾಣ ನಾನು.

ಹೆರಿಗೆಯಾದಾಗಿನಿಂದ ಹೆಂಡತಿ ಮತ್ತು ಆರು ತಿಂಗಳ ಮಗಳು ಭಾಲ್ಕಿಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿದ್ದರು. ತಾಯಿಯಿಲ್ಲದ ನನ್ನನ್ನು ಬೆಳೆಸಿದವಳೂ ಆಕೆಯೇ. ಓದುಬರಹ ಬಾರದು. ಆದರೆ ಆಕೆಯ ಮನೆಮದ್ದಿಗಾಗಿ ಖಟಕ ಚಿಂಚೋಳಿಯಿಂದಲೂ ಬಾಣಂತಿಯರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಕಣ್ಣಿಗೆ ಪೊರೆ ಬಂದು ಎದುರಿನವರ ಮುಖವೂ ಮಸುಕಾಗಿತ್ತು. ಆದರೂ ಹನ್ನೆರಡು ಖಾನೆಗಳ ಮರದ ಪೆಟ್ಟಿಗೆಯೊಳಗೆ ಕೈ ಇಟ್ಟರೆ ಬೇಕಾದ ಬೇರು, ಬೇಕಾದ ಕಾಯಿ ತಪ್ಪದೆ ಬರುತ್ತಿತ್ತು.

ರಜೆಗೆ ಹೋದಾಗ ಆ ಪೆಟ್ಟಿಗೆ ನೋಡಿದೆ. ಬಜೆಯ ಪಕ್ಕ ಜಾಜಿಕಾಯಿ, ಅದರ ಪಕ್ಕ ಅಜವಾನ!

"ಅತ್ತಿ, ಇದಕ್ಕ ತರತೀಬ ಅನ್ನೂದೇ ಇಲ್ಲರಿ."

"ಅದಕ್ಕ ನನ್ನ ಕೈ ಅದ. ಸಾಕಲ್ಲೋ ಅಳಿಯಾ" ಎಂದಳು.

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ನಾನೇಕೆ ಗುಮಾಸ್ತ? ಒಂದೊಂದನ್ನೂ ಮುಟ್ಟಿಸಿ ಅದರ ಹೆಸರು ಕೇಳಿ ಬರೆದುಕೊಂಡೆ. ಯಾವುದು ಏತಕ್ಕೆ ಎಂದು ಕೇಳಲಿಲ್ಲ. ಮರುದಿನ ಆಕೆ ಪಕ್ಕದ ಓಣಿಗೆ ಕೂಸಿಗೆ ನೀರು ಹಾಕಲು ಹೋದದ್ದೇ ತಡ, ಗಂಜಿ ಕಲಸಿಕೊಂಡು ಕೂತೆ. ಖಾನೆಗೊಂದು ಅಕ್ಷರ, ಅಕ್ಷರಕ್ಕೊಂದು ಚೀಟಿ. ಅಕಾರದಲ್ಲಿ ಅಜವಾನ ಮತ್ತು ಅಳಲೆಕಾಯಿ, ಬಕಾರದಲ್ಲಿ ಬಜೆ. ಪೆಟ್ಟಿಗೆಯ ದೂರದ ಮೂಲೆಯಲ್ಲಿ ಯಾವುದೋ ಬೀಜಗಳನ್ನು ಬಟ್ಟೆಯಲ್ಲಿ ಮೂರು ಗಂಟು ಹಾಕಿ ಇಟ್ಟಿದ್ದಳು. ಪಟ್ಟಿ ನೋಡಿದೆ, ಜಾಪಾಳ. ಹಾಗಾದರೆ ಜಕಾರ. ಗಂಟು ಬಿಚ್ಚಿ ಜಾಜಿಕಾಯಿಯ ಜೊತೆಗೆ ಸುರಿದೆ. ಮೂರು ಗಂಟು ಏಕೆ ಎಂದು ನಾನು ಯೋಚಿಸಲಿಲ್ಲ.

ಅತ್ತೆ ಹಿಂತಿರುಗಿ ಹೊಸ್ತಿಲು ದಾಟುವಷ್ಟರಲ್ಲಿ ಹೆಂಡತಿ ಅಳುಮುಖ ಮಾಡಿಕೊಂಡು ಬಂದಳು. ಬೆಳಗಿನಿಂದ ಮಗಳಿಗೆ ಭೇದಿ, ನಾಲ್ಕು ಬಟ್ಟೆ ಬದಲಾಗಿತ್ತು. ಅತ್ತೆ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡಳು.

"ಜಾಜಿಕಾಯಿ ತೇದು ನೆಕ್ಕಿಸ್ಬೇಕು. ಪೆಟ್ಟಿಗಿ ಹತ್ರ ಸರಸು."

"ನೀವು ಕೂಡ್ರಿ ಅತ್ತಿ, ನಾ ತಗೀತೀನಿ" ಎಂದೆ. ಎಂಥ ಹುರುಪು! "ಇನ್ಮ್ಯಾಲ ಅಕ್ಷರ ಬಲ್ಲವ್ರು ಯಾರಾದ್ರೂ ತಗೀಬಹುದು."

ಜಕಾರದ ಖಾನೆಗೆ ಕೈ ಹಾಕಿ ಸಿಕ್ಕಿದ್ದನ್ನು ಹೆಂಡತಿಯ ಕೈಗಿತ್ತೆ. ಮದುವೆಯಾಗುವವರೆಗೆ ತೊಗರಿ ಬೇರೆ, ಕಡಲೆ ಬೇರೆ ಎಂದು ತಿಳಿಯದಿದ್ದ ಮಹಾನುಭಾವ ನಾನು. ಆಕೆ ಸಾಣೆಕಲ್ಲಿನ ಮೇಲೆ ತೇಯ್ದು, ಬೆರಳ ತುದಿಗೆ ತೆಗೆದುಕೊಂಡು, ಕೂಸಿನ ತುಟಿಯ ಹತ್ತಿರ ತಂದಳು.

"ವಾಸನಿ ಯಾಕ ಬರವಲ್ದು?"

ಅಂದವಳೇ ಅತ್ತೆ ಹೆಂಡತಿಯ ಮಣಿಕಟ್ಟು ಹಿಡಿದಳು. ಆ ಬೆರಳನ್ನು ಮೂಗಿನ ಹತ್ತಿರ ತಂದಳು. ಆಕೆಯ ಮುಖ ಬಿಳಿಚಿಕೊಂಡಿತು.

"ಜಾಪಾಳ! ಕರುಳು ಹರಿಯೂವಂಗ ಭೇದಿ ಮಾಡಸೂ ಬೀಜ. ಎತ್ತಿಗಿ ಕೊಡೂದಿದ್ರೂ ಹತ್ತು ಸಲ ವಿಚಾರ ಮಾಡ್ತೀನಿ ನಾ. ಕೂಸು ಸಂಜಿತನ ಉಳೀತಿತ್ತೇನೋ?"

ಹೆಂಡತಿ ಕೈ ತೊಳೆಯುತ್ತಾ ಅಂದಳು: "ಓದಿದವ್ರು ನೋಡಿ ಕೊಟ್ಟಾರ ಅಂತ ಸುಮ್ಮನಾದೆನ್ರಿ ನಾ." ಅವಳು ಬೈದಿದ್ದರೆ ಚೆನ್ನಾಗಿತ್ತು.

ಅತ್ತೆ ಪೆಟ್ಟಿಗೆಯನ್ನು ಎಳೆದುಕೊಂಡು ತಡವಿದಳು. ಅಂಟಿದ ಚೀಟಿಗಳು ಬೆರಳಿಗೆ ತಾಗಿದವು. "ಕೈ ಸಮೀಪ ಇದ್ದದ್ದು ಕೂಸಿಂದು. ನಡುವಿಂದು ಬಾಣಂತಿದು. ಕೈ ಮುಟ್ಟದಂಗ ಗಂಟು ಹಾಕಿಟ್ಟಿದ್ದು ಜೀವಾ ತಗ್ಯೂದು. ಇಷ್ಟೇ ನೋಡಪಾ ನನ್ನ ತರತೀಬ." ಆಮೇಲೆ ನಾನಿದ್ದ ಕಡೆಗೆ ಮುಖ ಎತ್ತಿದಳು. "ನಿನ್ನ ತರತೀಬಿನ್ಯಾಗ ಈ ಕೂಸು ಯಾವ ಖಾನಿಯಾಗ ಅದ?"

ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಸೋದರತ್ತೆಯೇ ಹುಡುಕಿ ಕೊಟ್ಟ ಜಾಜಿಕಾಯಿಯನ್ನು ಹೆಂಡತಿ ತೇಯ್ದಳು, ಮನೆಯೆಲ್ಲ ಘಮಘಮ ಎಂದಿತು. ಸಂಜೆಗೆ ಮಗಳು ಹಾಲು ಕುಡಿದು ಮಲಗಿದಳು. ನಾನು ನೀರು ಹಚ್ಚಿ ಹಚ್ಚಿ ಚೀಟಿ ಕಿತ್ತೆ. ಜಕಾರದ್ದು ಮಾತ್ರ ಬರಲೇ ಇಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತಿನ ಅರ್ಥ ಬೇರೆಯಾಯಿತು. ಯಾರಾದರೂ ಗಡಿಗೆ ಒಡೆದರೆ "ತರತೀಬ ಮಾಡಿದ್ರೇನು?" ಎಂದು ಕೇಳುತ್ತಾರೆ. ಕೇಳುವಾಗ ನನ್ನ ಕಡೆಗೇ ನೋಡುತ್ತಾರೆ.

ಅತ್ತೆ ತೀರಿಕೊಂಡ ಮೇಲೆ ಪೆಟ್ಟಿಗೆ ನನ್ನ ಆ ಮಗಳಿಗೇ ಬಂತು. ಈಗ ಅವಳ ಮನೆ ಮುಂದೆಯೂ ಬಂಡಿಗಳು ನಿಲ್ಲುತ್ತವೆ. ಮೊನ್ನೆ ಕೆಮ್ಮಿಗೆಂದು ಹಿಪ್ಪಲಿ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, "ಅಪ್ಪಾ, ದೂರ ಕೂಡ್ರಿ. ನೀವು ಓದಿದವ್ರು" ಎಂದು ನಕ್ಕಳು. ಊರಮಂದಿಯ ಎದುರಿಗೇ ಅಂದಳು. ಅನ್ನಲಿ. ಅನ್ನಲು ಅವಳಿದ್ದಾಳಲ್ಲ!